289 ಇಳಿದರೂ ಕುದುರೆ ಉಳಿಯಿತು

2024ರ ಮೇ ತಿಂಗಳಿನಿಂದ ನನ್ನ 1967ರ ಫೋರ್ಡ್ ಮಸ್ಟಾಂಗ್ ಕೂಪ್ ಒಂದು ಹನಿ ಪೆಟ್ರೋಲಿಲ್ಲದೆ, ವಿದ್ಯುತ್ ಮೋಟರಿನಿಂದ ಓಡುತ್ತಿದೆ. ಇಲ್ಲಿಯವರೆಗೆ ಸುಮಾರು 3,800 ಮೈಲಿ ಆಗಿದೆ. ನೂರು ಮೈಲಿ ಓಡಿಸಿ ಜಂಬ ಕೊಚ್ಚಿಕೊಂಡವರ ಗಾಡಿಗಳು ಶೆಡ್ಡಿನಲ್ಲಿ ಮಲಗಿರುವುದನ್ನು ನೋಡಿದ್ದೇನೆ. ಅದಕ್ಕೇ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಲಿ ಎಂದು ಕಾದು ಈಗ ಬರೆಯುತ್ತಿದ್ದೇನೆ.

ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಊರಿನಲ್ಲಿ. ಇಲ್ಲಿ ಎಂಟು ಸಿಲಿಂಡರಿನ ವಿ8 ಎಂಜಿನ್ ಎಂದರೆ ಮನೆದೇವರು. ನಾನು ಕಾರಿನ 289 ಘನ ಇಂಚಿನ ವಿ8 ಇಳಿಸುತ್ತೇನೆ ಎಂದಾಗ ಕನ್ನಡ ಕೂಟದ ಯುಗಾದಿ ಊಟದ ಪಂಕ್ತಿಯಲ್ಲೇ ಒಬ್ಬ ಸ್ನೇಹಿತರು, "ಗರ್ಭಗುಡಿಯಿಂದ ಮೂರ್ತಿ ಕಿತ್ತು ಟ್ಯೂಬ್‌ಲೈಟ್ ಇಟ್ಟ ಹಾಗಾಯಿತು" ಎಂದರು. ಎದುರು ಮನೆಯವರು ಎಂಜಿನ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರು ಒಂದು ಮಾತೂ ಆಡದೆ ತಲೆ ಅಲ್ಲಾಡಿಸಿ ಹೋದರು. ಅದು ಇನ್ನೂ ಹೆಚ್ಚು ಚುಚ್ಚಿತು. ಮಸ್ಟಾಂಗ್ ಪುಟ್ಟ ಮೈಯ ಪೋನಿ ಕಾರು, ಭಾರಿ ಎಂಜಿನಿನ ಮಸಲ್ ಕಾರಲ್ಲ ಎಂದು ವಾದಿಸುವವರೂ ಇದ್ದಾರೆ. ಹಳೆಯ ಕಾರುಗಳು ಮೆರೆಯುವ ಡೆಟ್ರಾಯಿಟಿನ ವುಡ್‌ವರ್ಡ್ ರಸ್ತೆಯಲ್ಲಿ ಎರಡೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ನನಗೆ ಅಷ್ಟು ಸಾಕು.

ನಾನು ಓಡುತ್ತಿದ್ದ ಎಂಜಿನನ್ನು ಕೊಂದವನಲ್ಲ. 2018ರಲ್ಲಿ 8,500 ಡಾಲರಿಗೆ ಕೊಂಡಾಗಲೇ ಎಂಜಿನಿನ ಮೈ, ಅಂದರೆ ಬ್ಲಾಕ್, ಸೀಳಿತ್ತು. ಹಿಂದಿನವರು ಬರಿಯ ನೀರು ತುಂಬಿಸಿ ಚಳಿಗಾಲಕ್ಕೆ ಬಿಟ್ಟಿದ್ದರು, ಒಳಗೆ ಹಿಮ ಕಟ್ಟಿ ಬ್ಲಾಕ್ ಬಿರುಕು ಬಿಟ್ಟಿತ್ತು. ಬೇರೆ ಎಂಜಿನ್ ಕೂರಿಸಬಹುದಿತ್ತು. ಆದರೆ ಬೆಂಗಳೂರಿನಲ್ಲಿ ಚಿಕ್ಕಪ್ಪನ ರೇವಾ ಎಲೆಕ್ಟ್ರಿಕ್ ಕಾರಿನ ಎಂಟು ಬ್ಯಾಟರಿಗಳಿಗೆ ಭಾನುವಾರ ಬೆಳಿಗ್ಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದವನು ನಾನು. ಆ ರೇವಾ ಕಟ್ಟಿದ ಚೇತನ್ ಮೈನಿ ಓದಿದ್ದು ಇಲ್ಲೇ ಆನ್ ಆರ್ಬರ್‌ನಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. 48 ವೋಲ್ಟಿನ ಆ ಪುಟ್ಟ ಕಾರು ಹತ್ತಿಸಿದ್ದ ಆಸೆ ಇಪ್ಪತ್ತು ವರ್ಷ ಆರಿರಲಿಲ್ಲ.

ಮೊದಲ ಸೋಲು ಫೋರ್ಕ್‌ಲಿಫ್ಟ್ ಮೋಟರ್. ಅಗ್ಗಕ್ಕೆ ಸಿಕ್ಕ 11 ಇಂಚಿನ ಸೀರೀಸ್ ಡಿಸಿ ಮೋಟರಿಗೆ 144 ವೋಲ್ಟ್ ಕೊಟ್ಟೆ. ಬ್ರಷ್‌ಗಳ ಟೈಮಿಂಗ್ ಮುಂದಕ್ಕೆ ಸರಿಸದೆ ಓಡಿಸಿದ್ದು ನನ್ನದೇ ತಪ್ಪು. ಮೂರನೆಯ ವಾರ ಒಂದು ಏರು ಹತ್ತುವಾಗ ಬ್ರಷ್‌ಗಳು ಉಜ್ಜುವ ಕಮ್ಯುಟೇಟರ್ ಸುತ್ತ ನೀಲಿ ಬೆಂಕಿಯ ಬಳೆ ಎದ್ದು, ಕಂಟ್ರೋಲರನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಬ್ಯಾಟರಿ ಸೆಲ್ಲುಗಳನ್ನು ಸೋಲಾರ್ ಮಾಡುವವರೊಬ್ಬರಿಗೆ ಮಾರಿ ಲೆಕ್ಕ ಹಾಕಿದಾಗ 4,500 ಡಾಲರ್ ಹೋಗಿತ್ತು. ಒಂದು ವರ್ಷ ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ.

2021ರಲ್ಲಿ ಫೋರ್ಡ್ ತನ್ನ ಎಲುಮಿನೇಟರ್ ಮೋಟರನ್ನು 3,900 ಡಾಲರಿಗೆ ಮಾರಾಟಕ್ಕಿಟ್ಟಿತು. 281 ಹಾರ್ಸ್‌ಪವರ್! ಕೈ ತುರಿಸಿದ್ದು ನಿಜ. ಆದರೆ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಒಗ್ಗಿಸುವ ಇನ್ವರ್ಟರ್, ಕಂಟ್ರೋಲ್ ಬೇರೆಯೇ ತರಬೇಕು. ಹಳೆಯ ಎಂಟು ಇಂಚಿನ ಆಕ್ಸಲ್ ಅಷ್ಟು ಬಲ ತಡೆಯುವುದೂ ಅನುಮಾನ. ನನ್ನ ಕಾರು ಕಾರ್ಖಾನೆಯಿಂದ ಬಂದಾಗ ಇದ್ದದ್ದು 200 ಹಾರ್ಸ್‌ಪವರ್. ನಿಸ್ಸಾನ್ ಲೀಫ್ ಪ್ಲಸ್ ಎಂಬ ಎಲೆಕ್ಟ್ರಿಕ್ ಕಾರಿನ ಮೋಟರಿನದು 160 ಕಿಲೊವ್ಯಾಟ್, ಅಂದರೆ 214. ಕಾರಿನ ಮೈಗೆ ಒಪ್ಪುವ ಬಲ ಇದೇ ಎಂದು ತೀರ್ಮಾನಿಸಿದೆ. ಎಲ್ಲರೂ ಅನುಮಾನಿಸಿದ್ದು ಇಲ್ಲಿಯೇ: "ಲೀಫ್ ಮೋಟರಾ? ಮಸ್ಟಾಂಗ್‌ಗಾ?"

ಅಪಘಾತವಾದ ಗಾಡಿಯಿಂದ ಮೋಟರ್, ಇನ್ವರ್ಟರ್, ಚಾರ್ಜರ್ ಎಲ್ಲ ಸೇರಿ 3,200ಕ್ಕೆ ಬಂತು. ಬ್ಯಾಟರಿಗೆ ಶೆವ್ರೊಲೆ ವೋಲ್ಟ್ ಕಾರಿನ ಎರಡು ಪ್ಯಾಕ್ ತಂದೆ, ಒಂದೊಂದು 16 ಕಿಲೊವ್ಯಾಟ್ ಅವರ್, ಒಂದೊಂದಕ್ಕೆ ಸುಮಾರು 1,800. ವೋಲ್ಟ್ ತಯಾರಾಗುತ್ತಿದ್ದದ್ದು ಡೆಟ್ರಾಯಿಟ್ ಹ್ಯಾಮ್‌ಟ್ರಾಮಿಕ್‌ನಲ್ಲಿ, ಹಾಗಾಗಿ ಸುತ್ತಲಿನ ಗುಜರಿಗಳಲ್ಲಿ ಅವುಗಳಿಗೆ ಬರವಿಲ್ಲ. ಎರಡನ್ನೂ ಪ್ಯಾರಲಲ್ ಮಾಡಿದ್ದರಿಂದ ಯಾವುದೂ ದಣಿಯುವುದಿಲ್ಲ. 1967ರಲ್ಲಿ ಫೋರ್ಡ್ ದೊಡ್ಡ 390 ಎಂಜಿನ್ ಹಿಡಿಸಲೆಂದು ಬಾನೆಟ್ ಕೆಳಗಿನ ಜಾಗ ಅಗಲ ಮಾಡಿತ್ತು. ಆ ಅಗಲದಲ್ಲಿ ನನ್ನ ಮೊದಲ ಪೆಟ್ಟಿಗೆ ಕೂತಿತು. ಎರಡನೆಯದು ಹಿಂದೆ. ಈ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ. ಟ್ಯಾಂಕ್ ಬಿಚ್ಚಿದರೆ ಅಚ್ಚುಕಟ್ಟಾದ ಚೌಕ ಬಾಯಿ ಸಿಗುತ್ತದೆ, ಪೆಟ್ಟಿಗೆಯನ್ನು ಅದರೊಳಗೆ ಇಳಿಬಿಟ್ಟೆ. ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದ್ದೇನೆ. ವೇಬ್ರಿಡ್ಜ್ ಮೇಲೆ ನಿಲ್ಲಿಸಿದಾಗ ಹಿಂದಿಗಿಂತ 170 ಕೆ.ಜಿ. ಆಸುಪಾಸು ಹೆಚ್ಚು ಬಂತು.

ಗೇರ್‌ಬಾಕ್ಸ್ ಉಳಿಸಿಕೊಳ್ಳಬೇಕೆಂಬುದು ನನ್ನ ಹಟ. 90ರ ದಶಕದ ಮಸ್ಟಾಂಗಿನ ಐದು ಗೇರಿನ ಟಿ5 ಹಾಕಿದೆ, ಕ್ಲಚ್ ಇಲ್ಲ. ಊರೊಳಗೆ ಎರಡನೇ ಗೇರ್, ಹೆದ್ದಾರಿಯಲ್ಲಿ ಮೂರನೇ. ಮೊದಲನೆಯದನ್ನು ಮುಟ್ಟುವುದೇ ಇಲ್ಲ.

ಆದರೆ ಮೋಟರನ್ನು ಗೇರ್‌ಬಾಕ್ಸಿಗೆ ಕೂಡಿಸುವ ಕಪ್ಲರ್ ನನ್ನನ್ನು ಎಂಟು ತಿಂಗಳು ಅರೆಯಿತು. ಮೊದಲನೆಯದನ್ನು ಹಳೆಯ ಕ್ಲಚ್ ಪ್ಲೇಟಿನ ಹಬ್ ಕತ್ತರಿಸಿ ವೆಲ್ಡ್ ಮಾಡಿಸಿದ್ದೆ. ವೆಲ್ಡಿನ ಕಾವಿಗೆ ಅದು ಸುಮಾರು 0.3 ಮಿ.ಮೀ. ಎಳೆದುಕೊಂಡಿತ್ತು. 4,000 ಆರ್‌ಪಿಎಂ ದಾಟಿದರೆ ಗೇರ್ ಲಿವರ್ ಕೈಯಲ್ಲಿ ಜೇನುಹುಳದಂತೆ ಗುಂಯ್‌ಗುಡುತ್ತಿತ್ತು. ಮುನ್ನೂರು ಮೈಲಿಗೆ ಬಿಚ್ಚಿ ನೋಡಿದರೆ ಶಾಫ್ಟ್ ಹಿಡಿಯುವ ಸ್ಪ್ಲೈನ್ ಹಲ್ಲುಗಳ ನಡುವೆ ಕೆಮ್ಮಣ್ಣಿನಂತಹ ನುಣುಪು ಪುಡಿ. ಬೆರಳಿಗೆ ಹತ್ತಿದ್ದು ಸೋಪಿಗೂ ಹೋಗಲಿಲ್ಲ. ಉಕ್ಕು ಉಕ್ಕನ್ನು ತಿಂದಿತ್ತು. ಕ್ಲಚ್ಚೇ ಇಲ್ಲವೆಂದ ಮೇಲೆ ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಯಾಕೆ ಎಂದು ಬಿಟ್ಟಿದ್ದೆ, ಅದೂ ಸೇರಿಕೊಂಡಿತ್ತು. ಎರಡನೆಯ ಕಪ್ಲರನ್ನು ಒಂದೇ ತುಂಡಿನಿಂದ ತಿರುವಿಸಿ ಹದ ಕೊಡಿಸಿದೆ, 900 ಡಾಲರ್ ಆಯಿತು. ಡಯಲ್ ಗೇಜಿನಲ್ಲಿ ಓಲಾಟ ಈಗ 0.05 ಮಿ.ಮೀ. ಒಳಗಿದೆ. ಡೋವೆಲ್ ತೂತು ಕೊರೆಯುವ ಮೊದಲು ಮೋಟರ್ ಮುಖಕ್ಕೂ ಬೆಲ್‌ಹೌಸಿಂಗಿಗೂ ಕೇಂದ್ರ ಹೇಗೆ ಹೊಂದಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಲೇತ್ ಮುಂದೆ ನಿಂತವರಿಗೆ ಹೊಳೆಯುತ್ತದೆ, ಉಳಿದವರು ಗ್ಯಾರೇಜಿಗೆ ಬಂದರೆ ತೋರಿಸುತ್ತೇನೆ.

ನಿದ್ದೆ ಕೆಡಿಸಿದ್ದು ಬ್ಯಾಟರಿ ಪೆಟ್ಟಿಗೆ. ಕಾರು ಓಡತೊಡಗಿ, ಇನ್ನೇನು ಮುಗಿಯಿತು ಎಂದುಕೊಂಡಿದ್ದೆ. 2023ರ ಡಿಸೆಂಬರ್. ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಿಂದ ಡಾಡ್ಜ್ ಚಾಲೆಂಜರ್ ಎಂಬ ಮಸಲ್ ಕಾರಿನ ಕೊನೆಯ ಗಾಡಿ ಹೊರಬಿತ್ತೆಂಬ ಸುದ್ದಿ ಬಂದ ದಿನಗಳವು. ಬೆಳಿಗ್ಗೆ ಗ್ಯಾರೇಜಿಗೆ ಕಾಲಿಟ್ಟರೆ ಸಿಹಿ ವಾಸನೆ. ವಿದ್ಯುತ್ ಸೋರಿಕೆ ಅಳೆಯುವ ಮೆಗ್ಗರ್ ಹಿಡಿದರೆ, ಹಿಂದಿನ ವಾರ ಮೆಗಾಓಮ್‌ಗಳಲ್ಲಿದ್ದ ಇನ್ಸುಲೇಶನ್ 40 ಕಿಲೋಓಮ್‌ಗೆ ಕುಸಿದಿತ್ತು. 360 ವೋಲ್ಟಿಗೆ 180 ಕಿಲೋಓಮ್ ಆದರೂ ಇರಬೇಕು. ಪ್ಯಾಕ್ ತುಂಡು ಮಾಡಿ ಮತ್ತೆ ಜೋಡಿಸುವಾಗ ಕೊನೆಯ ಪ್ಲೇಟುಗಳನ್ನು ಸಾಕಷ್ಟು ಬಿಗಿದಿರಲಿಲ್ಲ. ಮಾಡ್ಯೂಲುಗಳ ನಡುವಿನ ಓ-ರಿಂಗ್ ಒಂದರಿಂದ ಕಿತ್ತಳೆ ಬಣ್ಣದ ಕೂಲಂಟ್ ಹನಿಹನಿಯಾಗಿ ಇಳಿದು ಒಂದು ಸೆಲ್ಲಿನ ಅಂಚಿಗೆ ನಿಂತಿತ್ತು. ಸಾಸಿವೆ ಕಾಳಿಗಿಂತ ದೊಡ್ಡದಿಲ್ಲದ ಹನಿ. ಅದಕ್ಕಿಂತ ದೊಡ್ಡ ತಪ್ಪು, ಕೂಲಂಟಿಗೆ ನಲ್ಲಿ ನೀರು ಬೆರೆಸಿದ್ದೆ. ಡಿಅಯೊನೈಸ್ಡ್ ನೀರಿನದಾಗಿದ್ದರೆ ಇಷ್ಟು ವಿದ್ಯುತ್ ಸೋರುತ್ತಿರಲಿಲ್ಲ. ಮೂರು ವಾರ ಒಂದೊಂದೇ ಮಾಡ್ಯೂಲ್ ಬಿಚ್ಚಿ, ಒರೆಸಿ, ಒಣಗಿಸಿ, ಹೊಸ ಓ-ರಿಂಗ್ ಹಾಕಿ, ಉದ್ದ ಬೋಲ್ಟಿನಿಂದ ಬಿಗಿದೆ. ಕೂಲಂಟ್ ತುಂಬುವ ಮೊದಲು ಗಾಳಿ ತುಂಬಿ ಒಂದು ರಾತ್ರಿ ಒತ್ತಡ ಇಳಿಯುತ್ತದೆಯೇ ನೋಡಿ. ಇದೊಂದನ್ನು ದಯವಿಟ್ಟು ಬಿಡಬೇಡಿ.

ನಡುವೆ ಕೆಲವು ಆಟಗಳನ್ನೂ ಆಡಿದೆ. ಡಾಡ್ಜ್‌ನವರು ತಮ್ಮ ಎಲೆಕ್ಟ್ರಿಕ್ ಚಾರ್ಜರ್ ಡೇಟೋನಾಗೆ 126 ಡೆಸಿಬೆಲ್‌ನ ಕೃತಕ ಗರ್ಜನೆ ಕೊಟ್ಟರಲ್ಲ, ನಾನೂ ಸ್ಪೀಕರಿಗೆ ಒಂದು ಕೊಳವೆ ಜೋಡಿಸಿ ನೋಡಿದೆ. ಎರಡೇ ದಿನ. ಟಿ5 ಎರಡನೇ ಗೇರಿನಲ್ಲಿ ಹಾಕುವ ಸಿಳ್ಳೆಯೇ ನನ್ನ ಕಾರಿನ ನಿಜವಾದ ದನಿ, ಸ್ಪೀಕರ್ ಕಿತ್ತುಹಾಕಿದೆ. ಚೆನ್ನಾಗಿ ಕೂಡಿಬಂದದ್ದು ಪೆಟ್ರೋಲ್ ಮುಳ್ಳು. ಹಳೆಯ ಫೋರ್ಡ್ ಗೇಜು ಟ್ಯಾಂಕ್ ಖಾಲಿಯಾದಾಗ 73 ಓಮ್, ತುಂಬಿದಾಗ 10 ಓಮ್ ನೋಡುತ್ತದೆ. ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿನಿಂದ ಅದೇ ಕರೆಂಟು ಕೊಟ್ಟು ಬ್ಯಾಟರಿಯ ಮಟ್ಟ ತೋರಿಸುವಂತೆ ಮಾಡಿದ್ದೇನೆ. ಕೀಲಿ ತಿರುಗಿಸಿದರೆ ಮುಳ್ಳು ಮೊದಲಿನ ನಿಧಾನದಲ್ಲೇ ಮೇಲೇಳುತ್ತದೆ. ಚಾರ್ಜಿಂಗ್ ಬಾಯಿ ಹಿಂದಿನ ಪೆಟ್ರೋಲ್ ಮುಚ್ಚಳದ ಹಿಂದೆಯೇ ಇದೆ.

ನೆನಪಿದ್ದಷ್ಟು ಲೆಕ್ಕ ಹೇಳುವುದಾದರೆ, ಕಾರಿನ ಬೆಲೆ ಸೇರಿ 28,000 ಡಾಲರ್ ಆಗಿರಬೇಕು. ಅದರಲ್ಲಿ ಆರೇಳು ಸಾವಿರ ಸೋಲಿನದು. ಮೋಟರಿಗೆ ಎಷ್ಟಾಯಿತು ಎಂದು ಎಲ್ಲರೂ ಕೇಳುತ್ತಾರೆ. ದುಡ್ಡು ಕುಡಿದದ್ದು ಕಾಂಟ್ಯಾಕ್ಟರ್, ಫ್ಯೂಸ್, ಕಿತ್ತಳೆ ಕೇಬಲ್, ಲಗ್‌ಗಳು. ಅವೇ 2,400 ದಾಟಿದವು. ಒಂದು ಚಾರ್ಜಿಗೆ ಬೇಸಿಗೆಯಲ್ಲಿ 75 ಮೈಲಿ, ಜನವರಿಯಲ್ಲಿ 45. ಸೊನ್ನೆಯಿಂದ 60 ಮೈಲಿ ವೇಗಕ್ಕೆ ನನ್ನ ಗಡಿಯಾರದಲ್ಲಿ ಏಳು ಸೆಕೆಂಡಿನ ಒಳಗೆ. ಆಕ್ಸಲರೇಟರ್ ಒತ್ತಿದಾಗ ಹಿಂದಿನ ಆಕ್ಸಲ್ 'ಠಕ್' ಎನ್ನದಂತೆ ಮಾಡಿದ ಪೆಡಲ್ ಮ್ಯಾಪಿನ (ಎಷ್ಟು ಒತ್ತಿದರೆ ಎಷ್ಟು ಬಲ ಎಂಬುದರ) ಅಂಕಿಗಳು ನನ್ನ ನೋಟ್‌ಬುಕ್ಕಿನಲ್ಲೇ ಇರಲಿ.

2024ರ ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್ ಎಂಬ ಹಳೆಯ ಕಾರುಗಳ ಮೆರವಣಿಗೆಗೆ ಒಯ್ದೆ. ಇರುವೆ ಸಾಲಿನಂತೆ ಹರಿದಾಡುವ ಸಂಚಾರ. ರಸ್ತೆಬದಿಯಲ್ಲಿ ಬಾನೆಟ್ ಎತ್ತಿ, ರೇಡಿಯೇಟರ್ ಕುದಿಯುವುದು ನಿಲ್ಲಲಿ ಎಂದು ಕಾಯುತ್ತಿದ್ದ ವಿ8ಗಳನ್ನು ಲೆಕ್ಕವಿಡುತ್ತಾ ಹೋದೆ, ಹನ್ನೊಂದಕ್ಕೆ ಬಿಟ್ಟೆ. ನನ್ನ ಮೋಟರ್ 40 ಡಿಗ್ರಿ ದಾಟಲಿಲ್ಲ. ಪಕ್ಕದ ಸೀಟಿನಲ್ಲಿ ಎದುರು ಮನೆಯವರಿದ್ದರು. ಬರುವಾಗ ಕೀಲಿ ಅವರ ಕೈಗೆ ಕೊಟ್ಟೆ. ಮೂರನೇ ಗೇರಿನಲ್ಲಿ ಮನೆಯವರೆಗೂ ಮಾತಿಲ್ಲದೆ ಓಡಿಸಿದರು. ಇಳಿದವರು ಬಾನೆಟ್ ತೆಗೆಸಿ, ಮೋಟರಿಗೂ ಗೇರ್‌ಬಾಕ್ಸಿಗೂ ನಡುವಿನ ಅಡಾಪ್ಟರ್ ಪ್ಲೇಟಿನ ಅಂಚಿನ ಮೇಲೆ ಉಗುರು ಎಳೆದು, "ಇದನ್ನು ತಿರುವಿದವರು ಯಾರು?" ಎಂದು ಕೇಳಿದರು.