ಎರಡು ಕೊರಿಯಾಗಳ ಸುದ್ದಿ ಬಂದಾಗ ಮೊದಲು ಏನು ನೋಡಬೇಕು

ಉತ್ತರ ಕೊರಿಯಾ ಕ್ಷಿಪಣಿ ಹಾರಿಸಿತು ಅಂತ ಒಂದು ದಿನ, ಇಬ್ಬರು ನಾಯಕರು ಕೈಕುಲುಕಿದರು ಅಂತ ಇನ್ನೊಂದು ದಿನ. ನಮ್ಮ ಟಿವಿಯಲ್ಲಿ ಎರಡಕ್ಕೂ ಒಂದೇ ಅಬ್ಬರ. ಹಾಗಿದ್ದರೆ ಉತ್ತರ, ದಕ್ಷಿಣ ನಿಜಕ್ಕೂ ಹತ್ತಿರ ಬರುತ್ತಿವೆಯೋ ದೂರ ಹೋಗುತ್ತಿವೆಯೋ ಅಂತ ತಿಳಿಯೋದು ಹೇಗೆ? ಈ ಸುದ್ದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಫೋಟೋ ಮತ್ತು ಘೋಷಣೆಗಳನ್ನು ಕೊನೆಗೆ ನೋಡಿ. ಗಡಿಯಲ್ಲಿ ದಿನಾ ನಡೆಯಬೇಕಾದ ಸಣ್ಣ ಕೆಲಸಗಳನ್ನು ಮೊದಲು ನೋಡಿ. ಫೋನ್ ಎತ್ತುತ್ತಿದ್ದಾರಾ, ಬಸ್ಸು ದಾಟುತ್ತಿದೆಯಾ, ವಯಸ್ಸಾದವರು ತಮ್ಮವರ ಮುಖ ನೋಡುತ್ತಿದ್ದಾರಾ.

ಶುರು ಮಾಡುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಅಲ್ಲಿನ ಯುದ್ಧ ಕಾಗದದ ಮೇಲೆ ಇನ್ನೂ ಮುಗಿದಿಲ್ಲ. 1950ರ ಜೂನ್ 25ಕ್ಕೆ ಶುರುವಾದ ಯುದ್ಧ 1953ರ ಜುಲೈ 27ರಂದು ಕದನವಿರಾಮಕ್ಕೆ ಬಂದು ನಿಂತಿತು, ಅಷ್ಟೇ. ಶಾಂತಿ ಒಪ್ಪಂದ ಆಗಲೇ ಇಲ್ಲ. ಸಹಿ ಹಾಕಿದವರು ಅಮೆರಿಕದ ನೇತೃತ್ವದ ವಿಶ್ವಸಂಸ್ಥೆ ಕಮಾಂಡ್, ಉತ್ತರ ಕೊರಿಯಾದ ಸೇನೆ ಮತ್ತು ಚೀನಾದ ಸ್ವಯಂಸೇವಕ ಪಡೆ. ದಕ್ಷಿಣ ಕೊರಿಯಾ ಸಹಿ ಹಾಕಲಿಲ್ಲ, ಅಧ್ಯಕ್ಷ ಸಿಂಗ್ಮನ್ ರೀ ಒಪ್ಪಲೇ ಇಲ್ಲ.

ಇದು ಹಳೆ ಕತೆ ಅಂತ ಬಿಡಬೇಡಿ, ಇವತ್ತಿಗೂ ಇದರ ಪರಿಣಾಮ ಇದೆ. ಎರಡೂ ದೇಶಗಳ ನಡುವಿನ ಆ 4 ಕಿಲೋಮೀಟರ್ ಅಗಲದ ಸೇನಾರಹಿತ ವಲಯದ ದಕ್ಷಿಣ ಭಾಗಕ್ಕೆ ಕಾಲಿಡಬೇಕಾದರೆ ವಿಶ್ವಸಂಸ್ಥೆ ಕಮಾಂಡ್‌ನ ಒಪ್ಪಿಗೆ ಬೇಕು. 2018ರ ಆಗಸ್ಟ್‌ನಲ್ಲಿ ಉತ್ತರದ ರೈಲುಹಳಿ ಪರೀಕ್ಷೆ ಮಾಡಲು ದಕ್ಷಿಣದವರು ರೈಲು ಕಳಿಸಲು ಹೊರಟಾಗ ಆ ಕಮಾಂಡ್ ಅನುಮತಿ ಕೊಡಲಿಲ್ಲ. ಇಬ್ಬರೂ ನಾಯಕರು ಒಪ್ಪಿದ್ದರು, ರೈಲು ಮಾತ್ರ ನಿಂತಲ್ಲೇ ನಿಂತಿತು. ಕೊನೆಗೆ ನಿರ್ಬಂಧಗಳಿಂದ ವಿನಾಯಿತಿ ಸಿಕ್ಕಿ ಅದು ಹೊರಟಿದ್ದು ನವೆಂಬರ್ 30ಕ್ಕೆ. ಹಾಗಾಗಿ "ಎರಡು ಕೊರಿಯಾಗಳು ಒಪ್ಪಿಕೊಂಡವು" ಅಂತ ಓದಿದ ಕೂಡಲೇ ಕೇಳಿ: ಮೂರನೆಯವರು ಒಪ್ಪಿದ್ದಾರಾ?

ನಮ್ಮವರಿಗೂ ಈ ಗಡಿಗೂ ನಂಟಿದೆ. ಕದನವಿರಾಮದ ಮಾತುಕತೆ ಒಂದು ವರ್ಷಕ್ಕೂ ಜಾಸ್ತಿ ಸಿಕ್ಕಿಹಾಕಿಕೊಂಡದ್ದು ಯುದ್ಧಕೈದಿಗಳ ಪ್ರಶ್ನೆಯಲ್ಲಿ. ಊರಿಗೆ ವಾಪಸ್ ಹೋಗಲ್ಲ ಅಂದ 22 ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಏನು ಮಾಡಬೇಕು ಅನ್ನೋ ಕೆಲಸ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂತು, ಅದರ ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. ಕೈದಿಗಳ ಕಾವಲಿಗೆ ಭಾರತದ ಪಡೆಯೇ ಹೋಗಿತ್ತು. ಒಬ್ಬೊಬ್ಬ ಕೈದಿಗೂ ಅವನ ಕಡೆಯವರು ಬಂದು ವಿವರಿಸಬೇಕು, ಆಮೇಲೆ ಅವನು ಹೆದರಿಕೆಯಿಲ್ಲದೆ ತನಗೆ ಬೇಕಾದ್ದನ್ನು ಹೇಳಬೇಕು ಅನ್ನೋದು ನಿಯಮ. ಎಲ್ಲರಿಗೂ ಅದು ಆಗಲಿಲ್ಲ. ಎರಡೂ ಕಡೆ ಬೇಡ ಅಂದ 88 ಮಂದಿ ಭಾರತಕ್ಕೇ ಬಂದರು. ಭೂಪಟದ ಗೆರೆ ಎಳೆಯೋದಕ್ಕಿಂತ ಮನುಷ್ಯರ ಪ್ರಶ್ನೆ ಬಿಡಿಸೋದೇ ಅಲ್ಲಿ ಕಷ್ಟ ಅನ್ನೋದು ಆಗಲೇ ಕಾಣಿಸಿತ್ತು.

ಈಗ ಫೋನ್ ವಿಷಯಕ್ಕೆ ಬರೋಣ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ರೆಡ್‌ಕ್ರಾಸ್ ಮಾತುಕತೆಗಾಗಿ 1971ರಲ್ಲಿ ಗಡಿಯ ಪನ್ಮುಂಜೋಮ್ ಹಳ್ಳಿಯಲ್ಲಿ ನೇರ ದೂರವಾಣಿ ಹಾಕಿದರು. ಸಂಬಂಧ ಸರಿಯಿದ್ದಾಗ ಬೆಳಗ್ಗೆ 9ಕ್ಕೆ, ಸಂಜೆ 5ಕ್ಕೆ ಒಂದು ಕರೆ. ಹೇಳೋದಕ್ಕೆ ಏನೂ ಇಲ್ಲದಿದ್ದರೂ ಮಾಡುತ್ತಾರೆ, ಆ ಕಡೆ ಒಬ್ಬ ಎತ್ತುತ್ತಾನೆ. 2016ರಲ್ಲಿ ನಿಂತುಹೋಗಿದ್ದ ಈ ಲೈನು 2018ರ ಜನವರಿ 3ರಂದು ಮತ್ತೆ ಶುರುವಾಯಿತು. ಆರು ದಿನಕ್ಕೆ ಅಧಿಕಾರಿಗಳು ಎದುರುಬದುರು ಕೂತರು. ಫೆಬ್ರವರಿಯಲ್ಲಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಉದ್ಘಾಟನೆಗೆ ಎರಡೂ ತಂಡಗಳು ಒಂದೇ ಬಾವುಟದ ಹಿಂದೆ ನಡೆದು ಬಂದವು. ದಕ್ಷಿಣದ ಅಧ್ಯಕ್ಷ ಮೂನ್ ಜೇ ಇನ್, ಉತ್ತರದ ನಾಯಕ ಕಿಮ್ ಜಾಂಗ್ ಉನ್ ಪನ್ಮುಂಜೋಮ್‌ನಲ್ಲಿ ಗಡಿಗೆರೆಯಾಗಿರುವ ಸಿಮೆಂಟ್ ಪಟ್ಟಿ ದಾಟಿ ಕೈ ಹಿಡಿದದ್ದು ಏಪ್ರಿಲ್ 27ಕ್ಕೆ. ಜಗತ್ತು ನೋಡಿದ್ದು ಏಪ್ರಿಲ್ ಫೋಟೋವನ್ನು, ಗೊತ್ತಿದ್ದವರು ಜನವರಿಯಲ್ಲೇ ಕಣ್ಣರಳಿಸಿದ್ದರು.

ಕೆಟ್ಟ ಸುದ್ದಿಯೂ ಹಾಗೇ. 2020ರ ಜೂನ್ 9ರಂದು ಉತ್ತರದವರು ಫೋನ್ ಎತ್ತೋದು ನಿಲ್ಲಿಸಿದರು. ಒಂದೇ ವಾರಕ್ಕೆ, 16ರಂದು, ಗಡಿಗೆ ಹತ್ತಿರದ ಉತ್ತರದ ಊರು ಕೇಸಾಂಗ್‌ನಲ್ಲಿದ್ದ ಜಂಟಿ ಸಂಪರ್ಕ ಕಚೇರಿಯನ್ನೇ ಸ್ಫೋಟಿಸಿದರು. ಆ ಕಚೇರಿ ತೆರೆದು ಎರಡು ವರ್ಷವೂ ಆಗಿರಲಿಲ್ಲ. 2021ರಲ್ಲಿ ಲೈನ್ ಬಂತು, ಹೋಯಿತು, ಮತ್ತೆ ಬಂತು. 2023ರ ಏಪ್ರಿಲ್‌ನಲ್ಲಿ ಮತ್ತೆ ಫೋನ್ ಎತ್ತಲಿಲ್ಲ. ಮುಂದೆ ಯಾವತ್ತಾದರೂ "ಉತ್ತರ ಕೊರಿಯಾ ಫೋನ್ ಎತ್ತಿತು" ಅನ್ನೋ ನಾಲ್ಕು ಸಾಲಿನ ಸುದ್ದಿ ಒಳಪುಟದ ಮೂಲೆಯಲ್ಲಿ ಕಂಡರೆ ದಯವಿಟ್ಟು ಅದನ್ನು ಬಿಡಬೇಡಿ, ಪೂರ್ತಿ ಓದಿ.

ಫೋನ್ ಇಲ್ಲದಿದ್ದರೂ ಕೆಲವು ಸಲ ಕೆಲಸ ನಡೆಯುತ್ತೆ, ಅದನ್ನೂ ಗಮನಿಸಿ. 2025ರಲ್ಲಿ ಉತ್ತರದ ಆರು ಮಂದಿ ಸಮುದ್ರದಲ್ಲಿ ತೇಲಿಕೊಂಡು ದಕ್ಷಿಣದ ನೀರಿಗೆ ಬಂದಿದ್ದರು, ಮನೆಗೆ ಹೋಗಬೇಕು ಅಂತಿದ್ದರು. ದಕ್ಷಿಣ ಸರ್ಕಾರ ವಿಶ್ವಸಂಸ್ಥೆ ಕಮಾಂಡ್ ಮೂಲಕ ತಿಳಿಸಿತು, ಆ ಕಡೆಯಿಂದ ಜವಾಬು ಬರಲಿಲ್ಲ. ಆದರೂ ಜುಲೈ 9ರಂದು ಅವರನ್ನು ಕಡಲ ಗಡಿಗೆ ಕರೆದುಕೊಂಡು ಹೋದಾಗ ಆಚೆ ಕಡೆ ಉತ್ತರದ ದೋಣಿಗಳು ಬಂದು ಕಾಯುತ್ತಿದ್ದವು. ಬಾಯಲ್ಲಿ ಏನೂ ಹೇಳಲಿಲ್ಲ, ದೋಣಿ ಮಾತ್ರ ಬಂತು.

ಮುಂದಿನದು: ದಕ್ಷಿಣದ ರಾಜಧಾನಿ ಸೋಲ್‌ನಲ್ಲಿ ಅಧಿಕಾರದಲ್ಲಿ ಯಾರಿದ್ದಾರೆ, ಅವರಿಗೆ ಇನ್ನೆಷ್ಟು ವರ್ಷ ಉಳಿದಿದೆ ಅಂತ ನೋಡಿ. ದಕ್ಷಿಣದ ಅಧ್ಯಕ್ಷರಿಗೆ 5 ವರ್ಷದ ಒಂದೇ ಅವಧಿ. ಕಿಮ್ ಡೇ ಜಂಗ್ 1998ರಲ್ಲಿ ಶುರು ಮಾಡಿದ ಸ್ನೇಹದ ನೀತಿ ರೋ ಮೂ ಹ್ಯುನ್ ಕಾಲದಲ್ಲಿ ಮುಂದುವರಿಯಿತು, 2008ರಲ್ಲಿ ಲೀ ಮ್ಯುಂಗ್ ಬಾಕ್ ಬಂದ ಮೇಲೆ ದಿಕ್ಕು ಬದಲಾಯಿತು. ಮೂನ್ ಕಟ್ಟಿದ್ದನ್ನು ಯೂನ್ ಸುಕ್ ಯೋಲ್ ಮುಂದುವರಿಸಲಿಲ್ಲ. ಉತ್ತರದ ರಾಜಧಾನಿ ಪ್ಯಾಂಗ್ಯಾಂಗ್‌ನಲ್ಲಿ ಕಿಮ್ ಮನೆತನವೇ ಮೂರು ತಲೆಮಾರಿನಿಂದ ಕೂತಿದೆ, ಅವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಅಧ್ಯಕ್ಷರ ಕೊನೆಯ ವರ್ಷದಲ್ಲಿ ಆಗುವ ಒಪ್ಪಂದಕ್ಕೆ ಅಷ್ಟೇನೂ ಆಯಸ್ಸು ಇರಲ್ಲ. ರೋ ಅವಧಿಯ ಕೊನೆಗೆ, 2007ರ ಅಕ್ಟೋಬರ್ 4ರಂದು ಆದ ಒಪ್ಪಂದಕ್ಕೆ ಆದದ್ದು ಅದೇ.

ಇನ್ನು ದುಡ್ಡಿನ ಲೆಕ್ಕ. ಆರ್ಥಿಕ ಸಹಕಾರ ಅಂದಾಗೆಲ್ಲ ಕೇಸಾಂಗ್ ಕೈಗಾರಿಕಾ ಪ್ರದೇಶವನ್ನು ನೆನಪಿಸಿಕೊಳ್ಳಿ. ಗಡಿಯಿಂದ ಸ್ವಲ್ಪವೇ ಉತ್ತರಕ್ಕೆ, ದಕ್ಷಿಣದ ಕಂಪನಿಗಳು, ಉತ್ತರದ ಕೆಲಸಗಾರರು. 2004ರ ಡಿಸೆಂಬರ್‌ನಲ್ಲಿ ಅಲ್ಲಿ ಮೊದಲು ತಯಾರಾದದ್ದು ಅಡುಗೆ ಪಾತ್ರೆ, ಅವತ್ತೇ ಅದು ಸೋಲ್‌ನ ಅಂಗಡಿಗೆ ಬಂತು. ಆಮೇಲೆ ಬಟ್ಟೆ, ಶೂ, ಬಿಡಿಭಾಗಗಳು. ಕೊನೆಕೊನೆಗೆ 120ಕ್ಕೂ ಹೆಚ್ಚು ಕಂಪನಿಗಳು, 50 ಸಾವಿರಕ್ಕೂ ಹೆಚ್ಚು ಕೆಲಸಗಾರರು ಅಲ್ಲಿದ್ದರು. ಕೆಲಸದ ನಡುವೆ ಕೊಡುತ್ತಿದ್ದ ಚೋಕೊ ಪೈ ಅನ್ನೋ ಚಾಕೊಲೇಟ್ ಬಿಸ್ಕತ್ತನ್ನು ಎಷ್ಟೋ ಜನ ತಿನ್ನದೆ ಮನೆಗೆ ಒಯ್ಯುತ್ತಿದ್ದರಂತೆ, ಅದು ಉತ್ತರದ ಸಂತೆಗಳಲ್ಲೂ ಮಾರಾಟವಾಯಿತು. ಸಂಬಳದ ಡಾಲರ್ ಹೋಗುತ್ತಿದ್ದದ್ದು ಸರ್ಕಾರದ ಕೈಗೆ. ಆ ದುಡ್ಡು ಬಾಂಬಿಗೆ ಹೋಗುತ್ತೆ ಅನ್ನೋ ಆಕ್ಷೇಪವನ್ನು ಸುಮ್ನೆ ತಳ್ಳಿಹಾಕೋ ಹಾಗಿಲ್ಲ. ಆದರೂ ಹತ್ತು ವರ್ಷಕ್ಕೂ ಮೇಲೆ ಎರಡೂ ಕಡೆಯ ಸಾಮಾನ್ಯ ಜನ ಒಂದೇ ಸೂರಿನಡಿ ಕೆಲಸ ಮಾಡಿದ್ದು ಅಲ್ಲೊಂದೇ. 2016ರ ಫೆಬ್ರವರಿಯಲ್ಲಿ ಅಣು ಪರೀಕ್ಷೆ, ರಾಕೆಟ್ ಉಡಾವಣೆಯ ಬೆನ್ನಿಗೆ ದಕ್ಷಿಣ ಅದನ್ನು ನಿಲ್ಲಿಸಿತು. ಮಾಲೀಕರು ಮಾಲನ್ನೂ ಯಂತ್ರಗಳನ್ನೂ ಬಿಟ್ಟು ಬಂದರು. ನಂತರ 2017ರಲ್ಲಿ ವಿಶ್ವಸಂಸ್ಥೆಯ ನಿರ್ಬಂಧಗಳು ಎಷ್ಟು ಬಿಗಿಯಾದವು ಅಂದರೆ ಉತ್ತರದ ಜೊತೆ ಜಂಟಿ ಉದ್ಯಮವನ್ನೇ ನಿಷೇಧಿಸಿದರು. ಕಾರ್ಖಾನೆ, ರೈಲು, ಪ್ರವಾಸ ಅಂತ ಯಾರಾದರೂ ಭರವಸೆ ಕೊಟ್ಟರೆ ಈ ನಿರ್ಬಂಧ ಸಡಿಲವಾಗಿದೆಯಾ ಅಂತ ನೋಡಿ. ಆಗಿಲ್ಲದಿದ್ದರೆ ಆ ಭರವಸೆಗೆ ಕಾಲೇ ಇಲ್ಲ.

ಕುಟುಂಬಗಳ ವಿಷಯ ಎಲ್ಲಕ್ಕಿಂತ ಮುಖ್ಯ, ಇದನ್ನು ಅಂಕಿ ಅಂಶ ಅಂತ ಮಾತ್ರ ಓದಬೇಡಿ. ಯುದ್ಧದಲ್ಲಿ ಬೇರೆಯಾದವರನ್ನು ಮೊದಲ ಸಲ ಸೇರಿಸಿದ್ದು 1985ರಲ್ಲಿ. 2000ದಿಂದ 2018ರವರೆಗೆ ಎದುರುಬದುರು ಭೇಟಿ ನಡೆದದ್ದು 21 ಸುತ್ತು. ದಕ್ಷಿಣದಲ್ಲಿ ಹೆಸರು ನೋಂದಾಯಿಸಿದವರು 1 ಲಕ್ಷ 30 ಸಾವಿರಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಜನ ತೀರಿಕೊಂಡಿದ್ದಾರೆ. ಯಾರು ಹೋಗಬೇಕು ಅಂತ ಲಾಟರಿ ಎತ್ತುತ್ತಿದ್ದರು. 2018ರ ಆಗಸ್ಟ್‌ನಲ್ಲಿ ಉತ್ತರದ ಕುಮ್‌ಗಾಂಗ್ ಬೆಟ್ಟದ ತಾಣದಲ್ಲಿ ಅವರಿಗೆ ಸಿಕ್ಕಿದ್ದು ಮೂರು ದಿನಗಳಲ್ಲಿ ಹಂಚಿಕೊಟ್ಟ ಸುಮಾರು 11 ಗಂಟೆ. ನಂಬರ್ ಹಾಕಿದ ಮೇಜು, ಚೀಲದಲ್ಲಿ ಹಳೆ ಫೋಟೋ, 90 ದಾಟಿದ ತಾಯಿ, 70ರ ಮಗ. ಆಮೇಲೆ ಬಸ್ಸಿನ ಗಾಜಿಗೆ ಒಳಗಿಂದ ಒಂದು ಕೈ, ಹೊರಗಿಂದ ಒಂದು ಕೈ. ಅದಾದ ಮೇಲೆ ಪತ್ರ ಬರೆಯೋಕೂ ಇಲ್ಲ, ಫೋನ್ ಮಾಡೋಕೂ ಇಲ್ಲ. ಅಣ್ವಸ್ತ್ರದ ಮಾತುಕತೆ ಹತ್ತು ವರ್ಷ ತಡವಾದರೂ ಆಗಬಹುದು, ಇವರಿಗೆ ಹತ್ತು ವರ್ಷ ಇಲ್ಲ. ಯಾವುದೇ ಒಪ್ಪಂದದಲ್ಲಿ ಕುಟುಂಬ ಭೇಟಿಗೆ ತಾರೀಕು ಹಾಕಿದ್ದಾರಾ ಅಂತ ಹುಡುಕಿ. ತಾರೀಕಿಲ್ಲದಿದ್ದರೆ ಅಲ್ಲಿ ಕೆಲಸ ಆಗುತ್ತೆ ಅಂತ ನಂಬಬೇಡಿ.

ಈಗ ಕಷ್ಟದ ಭಾಗ. 2023ರ ಕೊನೆಗೆ ಕಿಮ್ ಜಾಂಗ್ ಉನ್, ದಕ್ಷಿಣ ನಮ್ಮ ಬಂಧುವಲ್ಲ, ಶತ್ರು ದೇಶ ಅಂತ ಘೋಷಿಸಿದರು. ಮಾತುಕತೆಯ ಸಂಸ್ಥೆಗಳನ್ನು ಮುಚ್ಚಿದರು, ಪ್ಯಾಂಗ್ಯಾಂಗ್‌ನ ಏಕೀಕರಣದ ಕಮಾನು ಕೆಡವಿದರು, 2024ರ ಅಕ್ಟೋಬರ್ 15ರಂದು ಗಡಿಯ ರಸ್ತೆಗಳನ್ನು ಸ್ಫೋಟಿಸಿದರು. ಎಲ್ಲಾ ಮುಗಿಯಿತು ಅಂತ ಬರೆದವರು ಬೇಕಾದಷ್ಟು ಜನ. ನಾನು ಹಾಗೆ ಓದಲ್ಲ. ಒಂದಾಗುವ ಮಾತು ಬದಿಗಿರಲಿ, ಇಬ್ಬರು ನೆರೆಯವರಾಗಿ ಗುಂಡು ಹಾರಿಸದೆ ಬದುಕೋದು ಮೊದಲು ಆಗಬೇಕು. 2025ರ ಜೂನ್‌ನಲ್ಲಿ ಅಧ್ಯಕ್ಷರಾದ ಲೀ ಜೇ ಮ್ಯುಂಗ್ ಒಂದೇ ವಾರದಲ್ಲಿ ಗಡಿಯ ಪ್ರಚಾರದ ಧ್ವನಿವರ್ಧಕಗಳನ್ನು ನಿಲ್ಲಿಸಿದರು, ಉತ್ತರದಿಂದ ಬರುತ್ತಿದ್ದ ಕರ್ಕಶ ಸದ್ದೂ ನಿಂತಿತು. ಗಡಿ ಹಳ್ಳಿಗಳ ಜನ ತಿಂಗಳುಗಟ್ಟಲೆ ಆ ಸದ್ದಿಗೆ ನಿದ್ದೆಗೆಟ್ಟಿದ್ದರು. ಯಾರೂ ಸಹಿ ಹಾಕಿಲ್ಲ, ಆದರೂ ಇದು ಲೆಕ್ಕಕ್ಕೆ ಬರುತ್ತೆ.

ಕೊನೆಗೆ ಪ್ಯಾಂಗ್ಯಾಂಗ್‌ನ ಬೈಗುಳ ಓದೋ ಕ್ರಮ. ಮೂರು ಪ್ರಶ್ನೆ ಕೇಳಿ. ಹೇಳಿದ್ದು ಯಾರು: ಸರ್ಕಾರವಾ, ಕಿಮ್ ಜಾಂಗ್ ಉನ್ ತಂಗಿ ಕಿಮ್ ಯೊ ಜಾಂಗ್ ತಮ್ಮ ಹೆಸರಲ್ಲಾ, ಅಥವಾ ಯಾರೋ ಅಧಿಕಾರಿಯಾ? ಎಲ್ಲಿ ಬಂತು: ಹೊರಗಿನವರಿಗೆ ಸುದ್ದಿ ಕೊಡುವ ಸರ್ಕಾರಿ ಸುದ್ದಿಸಂಸ್ಥೆ ಕೆಸಿಎನ್‌ಎಯಲ್ಲಿ ಮಾತ್ರವಾ, ಅಥವಾ ಸ್ವಂತ ಜನ ಓದುವ ರೋಡಾಂಗ್ ಸಿನ್ಮುನ್ ಪತ್ರಿಕೆಯಲ್ಲೂ ಇದೆಯಾ? ಕಿಮ್ ಜಾಂಗ್ ಉನ್ ಹೆಸರು ಅದರಲ್ಲಿ ಇದೆಯಾ? ಕೆಳಗಿನವರು ಬೈದು, ಊರಿನ ಪತ್ರಿಕೆಯಲ್ಲಿ ಹಾಕದೆ ಬಿಟ್ಟಿದ್ದರೆ ನಾಳೆ ಮಾತು ಬದಲಿಸಲು ಜಾಗ ಇಟ್ಟುಕೊಂಡಿದ್ದಾರೆ ಅಂತಲೇ ಸಾಮಾನ್ಯವಾಗಿ ಅರ್ಥ. ಊರಿನ ಪತ್ರಿಕೆಯಲ್ಲೂ ಅಚ್ಚಾಗಿದ್ದರೆ ಅದನ್ನು ಸ್ವಂತ ಜನರ ಮುಂದೆ ಹಿಂತೆಗೆದುಕೊಳ್ಳೋದು ಅವರಿಗೂ ಕಷ್ಟ, ಆಗ ಸ್ವಲ್ಪ ದಿನ ಫೋನ್ ಎತ್ತುತ್ತಾರೆ ಅಂತ ಕಾಯಬೇಡಿ.