ಢೋಲಿಗೂ ಮಗಳಿಗೂ ನಡುವಿನ ದೂರ

ಧಾರವಾಡದಿಂದ ಪುಣೆಗೆ ಬಂದು ಒಂಬತ್ತು ವರ್ಷಗಳಾದರೂ ಇಲ್ಲಿನ ಢೋಲ್-ತಾಶಾ ವಾದ್ಯಮೇಳದ ಬಗ್ಗೆ ನಾನು ಗಂಭೀರವಾಗಿ ಯೋಚಿಸಿದ್ದು ಮಗಳಿಗೆ ಅದರ ಭಯ ಹತ್ತಿದ ಮೇಲೆಯೇ. ಅನಂತ ಚತುರ್ದಶಿಯ ದಿನ ಮೂರೂವರೆ ವರ್ಷದ ಅವಳನ್ನು ಲಕ್ಷ್ಮೀ ರಸ್ತೆಯ ಗಣೇಶ ವಿಸರ್ಜನೆಯ ಮೆರವಣಿಗೆಗೆ ಕರೆದೊಯ್ದಿದ್ದೆವು. ಹತ್ತಾರು ಢೋಲುಗಳ ಪಥಕ, ಅಂದರೆ ವಾದ್ಯತಂಡವೊಂದು, ತಿರುವಿನಲ್ಲಿ ಒಮ್ಮೆಲೇ ಬಾರಿಸತೊಡಗಿದಾಗ ಅವಳು ಉಸಿರು ಕಟ್ಟಿದಂತೆ ಅತ್ತಳು. ಅಂದಿನಿಂದ ಮದುವೆಯ ಬ್ಯಾಂಡ್ ಕೇಳಿದರೂ ಮಂಚದ ಕೆಳಗೆ ಸೇರುತ್ತಿದ್ದಳು.

ಮೊದಲ ಕೆಲವು ತಿಂಗಳು ನಾನು ಮಾಡಿದ್ದೆಲ್ಲ ತಪ್ಪೇ. ಸದ್ದು ಕೇಳಿದೊಡನೆ ಕಿಟಕಿ ಮುಚ್ಚುವುದು, ಅವಳನ್ನು ಎತ್ತಿಕೊಂಡು ಓಡುವುದು, ಬಾಲವಾಡಿಗೆ ಸುತ್ತುಬಳಸಿನ ದಾರಿ ಹಿಡಿಯುವುದು, ಇವುಗಳಿಂದ ಹೆದರಬೇಕಾದದ್ದು ಏನೋ ಇದೆಯೆಂದು ನಾನೇ ಅವಳಿಗೆ ಕಲಿಸುತ್ತಿದ್ದೆ. ಅತ್ತೆಯವರು ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅದರಿಂದ ನಷ್ಟವೇನೂ ಆಗಲಿಲ್ಲ, ಆ ರಾತ್ರಿ ಮಗು ಚೆನ್ನಾಗಿಯೇ ನಿದ್ದೆ ಮಾಡಿತು.

ಒಂದು ದಿನ, ಕಿವಿ ನೋಯುತ್ತದೆಯೇ ಎಂದು ಕೇಳಿದಾಗ ಅವಳು, "ಕಿವಿ ಅಲ್ಲಮ್ಮಾ, ಎದಿಯೊಳಗ ಬಡೀತದ" ಎಂದಳು. ಢೋಲಿನ ಮಂದ್ರ ನಾದ ಮೈಗೇ ತಾಗುತ್ತದೆ. ಗಾಳಿ ಅದುರುವುದನ್ನು ಕಣ್ಣಿಗೆ ತೋರಿಸಬೇಕೆಂದು ಪಾತೇಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಕಟ್ಟಿ, ಮೇಲೆ ನಾಲ್ಕು ಕಾಳು ಸಾಸಿವೆ ಹಾಕಿ, ಪಕ್ಕದಲ್ಲಿ ದೊಡ್ಡ ಹರಿವಾಣವನ್ನು ಸೌಟಿನಿಂದ ಬಾರಿಸಿದೆ. ಮುಟ್ಟದೆಯೇ ಸಾಸಿವೆ ಕುಣಿಯಿತು. ಆಮೇಲೆ ಸೌಟು ಅವಳ ಕೈಯಲ್ಲೇ ಉಳಿಯಿತು. ಕುಣಿಸುವವಳು ತಾನೇ ಆದ್ದರಿಂದ ಆ ಸದ್ದಿಗೆ ಅವಳು ಹೆದರಲಿಲ್ಲ.

ಮರುವರ್ಷ ಹಬ್ಬಕ್ಕೆ ವಾರಗಳ ಮೊದಲೇ ಮುಠಾ ನದಿಯ ದಂಡೆಯಲ್ಲಿ ಪಥಕಗಳ ತಾಲೀಮು ಆರಂಭವಾಯಿತು. ನಾವು ಸಂಜೆ ಎದುರು ದಂಡೆಗೆ ಹೋಗತೊಡಗಿದೆವು. ಎಷ್ಟು ಹತ್ತಿರ ಹೋಗುವುದೆಂದು ಅವಳೇ ಹೇಳಬೇಕು, "ಸಾಕು" ಎಂದ ಕ್ಷಣ ಹಿಂದಿರುಗಬೇಕು, ಇದು ನಮ್ಮ ಕರಾರು. ನಾಲ್ಕನೆಯ ಸಂಜೆ ಅವಳು ನಗುತ್ತಿರುವುದನ್ನು ಕಂಡು ಹತ್ತು ಹೆಜ್ಜೆ ಹೆಚ್ಚು ನಡೆಸಿದೆ. ಆ ಹತ್ತು ಹೆಜ್ಜೆಗಳಿಗೆ ಒಂದು ವಾರ ದಂಡ ತೆತ್ತೆ. ಅವಳು ಚಪ್ಪಲಿಯನ್ನೇ ಹಾಕಿಕೊಳ್ಳಲಿಲ್ಲ, ಮತ್ತೆ ಎದುರು ದಂಡೆಯಿಂದಲೇ ಶುರು ಮಾಡಬೇಕಾಯಿತು.

ಮೂರನೆಯ ವಾರ ಚಹಾದ ಗಾಡಿಯವರೆಗೆ ಬಂದೆವು. ವಿರಾಮದಲ್ಲಿ ಪಥಕದ ಹುಡುಗಿಯೊಬ್ಬಳು ಸೊಂಟದ ಢೋಲನ್ನು ಬಿಚ್ಚಿಟ್ಟು ಹಗ್ಗ ಬಿಗಿಯುತ್ತಿದ್ದಳು. ಮಗಳು ಮೊದಲು ಬೆರಳು, ಬಳಿಕ ಇಡೀ ಅಂಗೈ ಊರಿದಳು. "ಹಳೂ ವಾಜವ" (ಮೆಲ್ಲಗೆ ಬಾರಿಸು) ಎಂದು ಆ ಹುಡುಗಿ ಟಿಪ್ರೂ ಕೊಟ್ಟಳು. ಬಾರಿಸುವ ಆ ಕೋಲನ್ನು ಎರಡೂ ಕೈಯಿಂದ ಹಿಡಿದು ಮಗಳು ಒಂದೇ ಒಂದು ಪೆಟ್ಟು ಹಾಕಿ, ತನ್ನ ಎದೆಯನ್ನು ಮುಟ್ಟಿ ನೋಡಿಕೊಂಡಳು.

ಅವಳ ಭಯವನ್ನು ಪೂರ್ತಿ ಅಳಿಸುವುದು ನನ್ನ ಉದ್ದೇಶವಾಗಿರಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯಲ್ಲಿ ಸದ್ದು 100 ಡೆಸಿಬೆಲ್ ದಾಟುವುದುಂಟು, 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ಅಂಥ ಕಡೆ ಹಿಂದೆ ಸರಿಯುವ ಮಗುವನ್ನು ಪುಕ್ಕಲು ಎನ್ನುವುದು ಅನ್ಯಾಯ. ಆದ್ದರಿಂದ ಇಯರ್‌ಮಫ್ ನಮ್ಮ ಚೀಲದಲ್ಲಿ ಖಾಯಂ ಆಯಿತು.

ಆ ವರ್ಷ ಲಕ್ಷ್ಮೀ ರಸ್ತೆಗೆ ಹೋಗಲಿಲ್ಲ. ನಮ್ಮ ಸೊಸೈಟಿಯ ಗಣಪತಿಯ ಮುಂದೆ ಆರು ಢೋಲುಗಳಿದ್ದವು. ಬಾರಿಸಲು ಶುರು ಮಾಡಿದೊಡನೆ ಮಗಳು ಇಯರ್‌ಮಫ್ ಸರಿಪಡಿಸಿಕೊಂಡು, ನನ್ನ ಕೈ ಹಿಡಿದು ಮೂರು ಹೆಜ್ಜೆ ಹಿಂದಕ್ಕೆ ಎಳೆದು, "ಇಲ್ಲಿಂದನ ನೋಡೋಣಮ್ಮಾ" ಎಂದಳು. ಆರತಿ ಮುಗಿಯುವವರೆಗೂ ಅಲ್ಲೇ ನಿಂತಿದ್ದೆವು.