ಪಟಿಕ ಸರಿಯಾಗೇ ಇದೆ, ತಾಳ್ಮೆ ಎಲ್ಲಿ?

ಮೊನ್ನೆ ಮೊಮ್ಮಗಳು ಬಗ್ಗಡ ನೀರಿನ ಬಕೆಟ್ಟಿಗೆ ಪಟಿಕದ ಪುಡಿಯನ್ನು ಚಮಚಗಟ್ಟಲೆ ಸುರಿದು, ಕೋಲು ಹಿಡಿದು ಗರಗರ ತಿರುಗಿಸಿದ್ದೇ ತಿರುಗಿಸಿದ್ದು. ಐದು ನಿಮಿಷಕ್ಕೆ “ಅಜ್ಜೀ, ತಿಳಿಯಾಗ್ಲೇ ಇಲ್ಲ, ಇದು ಡೂಪ್ಲಿಕೇಟು” ಅಂತ ತೀರ್ಪು. ಪಟಿಕ ಅಸಲಿಯೇ ಕಣೆ, ಡೂಪ್ಲಿಕೇಟು ನಿನ್ನ ತಾಳ್ಮೆ.

ಮೊದಲನೆಯದಾಗಿ, ಪುಡಿ ಬೇಡ, ಗಟ್ಟಿ ಬೇಕು. ಗಟ್ಟಿಯಾದರೆ ಎಷ್ಟು ಕರಗಿತು ಅನ್ನೋದು ಕೈಗೆ ಗೊತ್ತಾಗುತ್ತದೆ. ಅದನ್ನು ಅಂಗೈಯಲ್ಲಿ ಹಿಡಿದು ನೀರಿನ ಮೇಲ್ಭಾಗದಲ್ಲಿ ಬಿರುಸಾಗಿ ಒಂದಷ್ಟು ಸುತ್ತು ಸುತ್ತಿಸಿ. ಅಂಚು ನುಣುಪಾಗಿ ಬೆರಳಿಗೆ ಜಾರುವ ಹಾಗಾದರೆ ಸಾಕು, ಗಟ್ಟಿಯನ್ನು ತೆಗೆದಿಡಿ. ಇನ್ನು ಬರಿಗೈಯನ್ನೇ ಮೆಲ್ಲಗೆ ಆಡಿಸಬೇಕು, ತೊಟ್ಟಿಲು ತೂಗಿದ ಹಾಗೆ. ಇಲ್ಲೇ ಎಲ್ಲರೂ ಕೆಡಿಸೋದು. ಮಣ್ಣಿನ ನವಿರು ಕಣಗಳಿಗೆಲ್ಲ ಒಂದೇ ಬಗೆಯ ವಿದ್ಯುದಂಶ, ಅದಕ್ಕೇ ಒಂದನ್ನೊಂದು ದೂರ ತಳ್ಳುತ್ತ ನೀರಲ್ಲೇ ತೇಲುತ್ತವೆ. ಪಟಿಕದ ಅಲ್ಯೂಮಿನಿಯಂ ಆ ಜಗಳ ಬಿಡಿಸಿ ಅವನ್ನು ಒಟ್ಟು ಸೇರಿಸುತ್ತದೆ. ನಿಧಾನವಾಗಿ ಆಡಿಸಿದರೆ ಹಾಲೊಡೆದ ಹಾಗೆ ಸಣ್ಣ ಸಣ್ಣ ಚೂರು ಕಾಣಿಸಿ, ಒಂದಕ್ಕೊಂದು ಅಂಟಿ, ಭಾರವಾಗಿ ಇಳಿಯುತ್ತವೆ. ಆಗ ಗರಗರ ತಿರುಗಿಸಿದಿರೋ, ಕೂಡಿದ್ದು ಮತ್ತೆ ಚೂರುಚೂರು. ನೀರು ಶುದ್ಧೀಕರಿಸುವ ದೊಡ್ಡ ಘಟಕಗಳಲ್ಲೂ ಇದೇ ಕ್ರಮ: ಮೊದಲು ಬಿರುಸು, ಆಮೇಲೆ ನಿಧಾನ, ಕೊನೆಗೆ ಸುಮ್ಮನಿರೋದು.

ನಮ್ಮಮ್ಮ ಆ ಕೊನೇ ಹೊತ್ತಿನಲ್ಲಿ ಪಾತ್ರೆಯ ಹತ್ತಿರ ನಮ್ಮನ್ನು ನಡೆಯಲೂ ಬಿಡುತ್ತಿರಲಿಲ್ಲ. ಮುಚ್ಚಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ಒಣಗಿದ ಬಟ್ಟೆ ಮಡಚಿ. ಕುರ್ಚಿ ಮೇಲೆ ಗುಡ್ಡೆ ಹಾಕಿ, ಬೆಳಿಗ್ಗೆ ಸುಕ್ಕು ಅಂತ ಇಸ್ತ್ರಿಪೆಟ್ಟಿಗೆ ಹುಡುಕೋದಲ್ಲ. ಆಮೇಲೆ ಗಸಿ ಕದಡದ ಹಾಗೆ ಮೇಲಿನ ತಿಳಿಯನ್ನು ಮಾತ್ರ ಚೊಂಬಿನಲ್ಲಿ ತೆಗೆಯಿರಿ. ನಾಲಿಗೆಗೆ ಒಗರು ಹತ್ತಿದರೆ ಪಟಿಕ ಹೆಚ್ಚಾಯಿತು ಅಂತ ಅರ್ಥ. ಇಷ್ಟಾದರೂ ಅದು ತಿಳಿಯಾದ ನೀರು ಅಷ್ಟೆ, ರೋಗಾಣುಗಳನ್ನು ಪಟಿಕ ನಂಬಿ ಬಿಡೋ ಹಾಗಿಲ್ಲ. ಕುಡಿಯೋದಾದರೆ ಕುದಿಸಲೇಬೇಕು.

ಇನ್ನು ನಿಂಬೆಹಣ್ಣಿನ ಹುಚ್ಚು. ಕೆಟಲಿನೊಳಗೆ ಕಟ್ಟಿದ ಬಿಳಿ ಪೊರೆಗೆ ಹುಳಿ ಹಾಕಿದರೆ ನೊರೆಯೆದ್ದು ಬಿಡುತ್ತದೆ, ಸರಿ. ಅದನ್ನು ನೋಡಿ ಅಮೃತಶಿಲೆಯ ಕಟ್ಟೆಗೂ ನಿಂಬೆ ಉಜ್ಜಿದರಲ್ಲ! ಎರಡೂ ಒಂದೇ ಕ್ಯಾಲ್ಸಿಯಂ ಕಾರ್ಬೊನೇಟು. ಅಲ್ಲಿ ಕರಗಿದ್ದು ಕೊಳೆ, ಇಲ್ಲಿ ಕರಗಿದ್ದು ನಿಮ್ಮ ಕಟ್ಟೆ. ಹೋದ ಹೊಳಪು ಮತ್ತೆ ಪಾಲಿಶ್ ಮಾಡಿಸದೆ ಬರೋದಿಲ್ಲ.

ಗಾಜಿಗೆ ಮರಳು ಹಾಕಿ ತಿಕ್ಕೋದೂ ಅಂಥದ್ದೇ. 1812ರಲ್ಲಿ ಮೋಸ್ ಅನ್ನುವವನು ಖನಿಜಗಳನ್ನು ಮೆದುವಿನಿಂದ ಗಟ್ಟಿಗೆ 1ರಿಂದ 10ರವರೆಗೆ ಸಾಲಾಗಿ ನಿಲ್ಲಿಸಿದ. ಮಗನಿಗೆ ಪಾಠ ಒಪ್ಪಿಸುವಾಗ ನಾನೂ ಕಲಿತದ್ದು. ಮರಳಿನಲ್ಲಿರೋ ಸ್ಫಟಿಕಶಿಲೆ 7, ಗಾಜು ಸುಮಾರು 5.5. ಗೀರು ಬೀಳದೆ ಇನ್ನೇನು?

ಬೀಗ ಬಿಗಿಯಾದರೆ ಅಡುಗೆ ಎಣ್ಣೆ ಬಿಡಬೇಡಿ, ಧೂಳು ಮೆತ್ತಿಕೊಂಡು ಇನ್ನೂ ಜಾಮ್ ಆಗುತ್ತದೆ. ಪೆನ್ಸಿಲ್ ಕಡ್ಡಿಯನ್ನು ಕೀಲಿಕೈಗೆ ಚೆನ್ನಾಗಿ ತಿಕ್ಕಿ ನಾಲ್ಕು ಸಲ ತಿರುಗಿಸಿ, ಅದರ ಗ್ರಾಫೈಟೇ ಸಾಕು. ಗೋಡೆಯ ತೂತು ಮುಚ್ಚಿ ಉಳಿದ ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಮಾತ್ರ ಸಿಂಕಿನಲ್ಲಿ ತೊಳೆಯಬೇಡಿ, ಕೊಳವೆಯೊಳಗೇ ಕಲ್ಲಾಗುತ್ತದೆ.

ಮತ್ತೆ ಆ ಪಟಿಕದ ಗಟ್ಟಿ. ನೀರೊರಸಿ, ನೆರಳಲ್ಲಿ ಆರಿಸಿ, ಆಮೇಲೆ ಡಬ್ಬಿಗೆ ಹಾಕಿ. ನನ್ನದು ಒಂದು ಕಾಲಕ್ಕೆ ಮುಷ್ಟಿಯಷ್ಟಿತ್ತು, ಈಗ ಅಡಿಕೆಯಷ್ಟಿದೆ. ಅದನ್ನೂ ಮೊಮ್ಮಗ ಗಡ್ಡ ಹೆರೆಯುವಾಗ ಆದ ಗಾಯಕ್ಕೆ ಒತ್ತಿಕೊಳ್ಳೋಕೆ ಒಯ್ದಿದ್ದಾನೆ, ಇನ್ನೂ ವಾಪಸ್ಸು ತಂದಿಟ್ಟಿಲ್ಲ.